ಸಿಂಗಪುರದಲ್ಲಿ ಸುಂಕವಿಲ್ಲದ ಮಾರುಕಟ್ಟೆಯೂ ಉಂಟು, 15 ಗ್ರಾಂಗೆ ಗಲ್ಲೂ ಉಂಟು. ಇದು ಯಾವ ಸಿದ್ಧಾಂತ?

ಮರುಪ್ರಶ್ನೆ

ಮದ್ಯ, ತಂಬಾಕು, ಪೆಟ್ರೋಲಿಯಂ, ವಾಹನ ಬಿಟ್ಟರೆ ಸಿಂಗಪುರದಲ್ಲಿ ಆಮದು ಸುಂಕವೇ ಇಲ್ಲ. ಅಮೆರಿಕದ ಚಿಂತಕರ ಸಂಸ್ಥೆ ಹೆರಿಟೇಜ್ ಫೌಂಡೇಶನ್ನಿನ ಆರ್ಥಿಕ ಸ್ವಾತಂತ್ರ್ಯ ಪಟ್ಟಿಯಲ್ಲಿ 2020ರಲ್ಲಿ ಹಾಂಗ್‌ಕಾಂಗನ್ನು ಹಿಂದೆ ಹಾಕಿ ಮೊದಲ ಸ್ಥಾನಕ್ಕೆ ಬಂತು. ಮುಕ್ತ ಮಾರುಕಟ್ಟೆಯ ಪರ ಮಾತಾಡುವವರೆಲ್ಲ ಮೊದಲು ಬೆರಳು ತೋರಿಸುವುದು ಅತ್ತಲೇ. ಅದೇ ದೇಶದಲ್ಲಿ 15 ಗ್ರಾಂಗಿಂತ ಹೆಚ್ಚು ಹೆರಾಯಿನ್ ಸಾಗಿಸಿದರೆ ಗಲ್ಲು. 2022ರಲ್ಲಿ ಅಲ್ಲಿ 11 ಮಂದಿಯನ್ನು ಗಲ್ಲಿಗೇರಿಸಿದರು, ಹನ್ನೊಂದೂ ಮಾದಕವಸ್ತು ಪ್ರಕರಣ.

ಕೊಡುವವನೂ ಕೊಳ್ಳುವವನೂ ಒಪ್ಪಿ ಮಾಡುವ ವ್ಯವಹಾರಕ್ಕೆ ಸರ್ಕಾರ ಅಡ್ಡ ಬರಬಾರದು ಅನ್ನುವುದು ಮುಕ್ತ ಮಾರುಕಟ್ಟೆಯ ಮೂಲಮಂತ್ರ ತಾನೇ? ಹಾಗಿದ್ದರೆ ಈ ಸಿದ್ಧಾಂತದ ದೊಡ್ಡ ಹೆಸರುಗಳು ಮಾದಕವಸ್ತುವಿನ ಬಗ್ಗೆ ಏನು ಹೇಳಿದ್ದಾರೆ? ಆ 15 ಗ್ರಾಂ ಅನ್ನುವುದು ಪುಡಿಯ ತೂಕವೋ, ಒಳಗಿರುವ ಶುದ್ಧ ಮಾಲಿನ ತೂಕವೋ? ಇನ್ನೊಂದು, ಈ ಶಿಕ್ಷೆ ಅರ್ಥಶಾಸ್ತ್ರದ ಲೆಕ್ಕದಲ್ಲಾದರೂ ಗಿಟ್ಟುತ್ತದೆಯೇ? ಗಲ್ಲು ಸರಿಯೋ ತಪ್ಪೋ ಅನ್ನುವ ಜಗಳ ಬೇರೆ ಕಡೆ ಬೇಕಾದಷ್ಟು ನಡೆದಿದೆ. ಇಲ್ಲಿ ಕಾನೂನು ಮತ್ತು ಲೆಕ್ಕ ಬಲ್ಲವರು ಬರೆದರೆ ಉಪಕಾರ.

ಕಾನೂನುಕಟ್ಟೆ

ತೂಕದ ಪ್ರಶ್ನೆಯಿಂದಲೇ ಶುರು ಮಾಡೋಣ. ಮಿಕ್ಕಿದ್ದೆಲ್ಲ ಅದರ ಮೇಲೆ ನಿಂತಿದೆ.

ಹೆರಾಯಿನ್ ಪ್ರಕರಣದಲ್ಲಿ ಎಣಿಕೆಗೆ ಬರುವುದು ಶುದ್ಧ ಡೈಮಾರ್ಫಿನ್ (ಹೆರಾಯಿನ್ನಿನ ರಾಸಾಯನಿಕ ಹೆಸರು) ತೂಕ. ಮಲೇಷ್ಯಾ ಕಡೆಯಿಂದ ಸಿಂಗಪುರಕ್ಕೆ ನುಗ್ಗುವ ಮಾಲು ಬಿಳಿ ಪುಡಿಯಲ್ಲ, ಕಂದು ಬಣ್ಣದ ತರಿತರಿ ಪುಡಿ. ಒಂದು ಪೊಟ್ಟಣಕ್ಕೆ ದಂಧೆಯವರ ಬಾಯಲ್ಲಿ 'ಬಾತು' ಅಂತ ಹೆಸರು, ಮಲಯ ಭಾಷೆಯಲ್ಲಿ ಕಲ್ಲು ಅಂತ ಅರ್ಥ. ತೂಕ ಹೆಚ್ಚುಕಡಿಮೆ ಒಂದು ಪೌಂಡು, ಅಂದರೆ 450 ಗ್ರಾಂ ಆಸುಪಾಸು. ಅದರಲ್ಲಿ ನಿಜವಾದ ಹೆರಾಯಿನ್ ನೂರಕ್ಕೆ ಮೂರು ನಾಲ್ಕು ಪಾಲು ಇದ್ದರೆ ಹೆಚ್ಚು. ಈಗ ಗುಣಿಸಿ ನೋಡಿ. 450 ಗ್ರಾಂ ಪುಡಿಯಲ್ಲಿ ಶೇ 3.3 ಇದ್ದರೆ 14.85 ಗ್ರಾಂ. ಶೇ 3.4 ಇದ್ದರೆ 15.3 ಗ್ರಾಂ. ಮೊದಲನೆಯದಕ್ಕೆ ಕನಿಷ್ಠ 20 ವರ್ಷ ಜೈಲು, ಜೊತೆಗೆ 15 ಛಡಿಯೇಟು. ಎರಡನೆಯದಕ್ಕೆ ನೇಣು. ಪೊಟ್ಟಣ ಹೊತ್ತವನಿಗೆ ಆ 0.1 ಗೊತ್ತಾಗುವ ದಾರಿಯೇ ಇಲ್ಲ, ಗೊತ್ತಿರಬೇಕು ಅಂತ ಕಾನೂನೂ ಕೇಳುವುದಿಲ್ಲ. ತಾನು ಹೊತ್ತಿದ್ದು ಯಾವ ಮಾಲು ಅಂತ ಅವನಿಗೆ ತಿಳಿದಿತ್ತೇ ಅನ್ನುವುದಷ್ಟೇ ಪ್ರಶ್ನೆ. ಎಷ್ಟು ಅನ್ನುವುದು ಪ್ರಯೋಗಾಲಯದ ಕೆಲಸ. ಅವರ ವರದಿಯಲ್ಲಿ 'ಇಷ್ಟು ಗ್ರಾಂಗೆ ಕಡಿಮೆಯಿಲ್ಲದ' ಅನ್ನುವ ಒಕ್ಕಣೆ ಇರುತ್ತದೆ.

ಅಲ್ಲಿನ ತೀರ್ಪುಗಳನ್ನು ಓದುವಾಗ 14.99 ಗ್ರಾಂ ಅನ್ನುವ ಅಂಕಿ ಪದೇ ಪದೇ ಸಿಗುತ್ತದೆ. ಯಾರೂ ತಕ್ಕಡಿಯಲ್ಲಿ ತೂಗಿ 14.99 ಸಾಗಿಸಿದ್ದಲ್ಲ. ಸಿಕ್ಕಿದ್ದು 20 ಗ್ರಾಂ ಆಗಿದ್ದರೂ ಪಬ್ಲಿಕ್ ಪ್ರಾಸಿಕ್ಯೂಟರ್ ಮನಸ್ಸು ಮಾಡಿ ಆರೋಪವನ್ನು ಗಲ್ಲಿನ ಗೆರೆಯ ಕೆಳಕ್ಕೆ ಇಳಿಸಿದಾಗ ಹುಟ್ಟುವ ಅಂಕಿ ಅದು. ಶಿಕ್ಷೆ ಕಡ್ಡಾಯ ಅಂದಾಗ ವಿವೇಚನೆ ಮಾಯವಾಗುವುದಿಲ್ಲ, ನ್ಯಾಯಾಧೀಶರ ಮೇಜಿನಿಂದ ಪ್ರಾಸಿಕ್ಯೂಟರ್ ಮೇಜಿಗೆ ಹೋಗಿ ಕೂರುತ್ತದೆ.

ಬೇರೆ ಗೆರೆಗಳು: ಗಾಂಜಾ 500 ಗ್ರಾಂ, ಕೊಕೇನ್ 30 ಗ್ರಾಂ, ಮಾರ್ಫಿನ್ 30 ಗ್ರಾಂ, ಮೆಥಾಂಫೆಟಮೈನ್ 250 ಗ್ರಾಂ. ಮೂಲ ಕಾನೂನು 1973ರದ್ದು. ಹೆರಾಯಿನ್‌ಗೆ ಗಲ್ಲು ಸೇರಿದ್ದು 1975ರ ತಿದ್ದುಪಡಿಯಲ್ಲಿ.

ಇನ್ನು ಊಹೆಗಳ ವಿಚಾರ. 2 ಗ್ರಾಂಗಿಂತ ಹೆಚ್ಚು ಹೆರಾಯಿನ್ ನಿಮ್ಮ ಬಳಿ ಇದ್ದರೆ ಅದು ಮಾರಾಟಕ್ಕೇ ಅಂತ ಕಾನೂನು ಊಹಿಸಿಕೊಳ್ಳುತ್ತದೆ. ಸ್ವಂತ ಸೇವನೆಗೆ ಅಂತ ತೋರಿಸುವ ಹೊರೆ ಆರೋಪಿಯದು. ಮಾಲು ಇದ್ದ ಮನೆಯ ಇಲ್ಲವೇ ಪೆಟ್ಟಿಗೆಯ ಕೀಲಿ ನಿಮ್ಮ ಕೈಯಲ್ಲಿದ್ದರೆ ಮಾಲೂ ನಿಮ್ಮದೇ ಅಂತ ಊಹೆ. ಮಾಲು ನಿಮ್ಮದು ಅಂತ ಆದಮೇಲೆ ಅದು ಏನು ಅಂತ ನಿಮಗೆ ಗೊತ್ತಿತ್ತು ಅನ್ನುವುದು ಮತ್ತೊಂದು ಊಹೆ. ಅಪರಾಧ ಸಾಬೀತುಪಡಿಸುವುದು ಸರ್ಕಾರದ ಹೊಣೆ ಅನ್ನುವ ಮಾತನ್ನು ಇಲ್ಲಿ ಅರ್ಧ ತಿರುಗಿಸಿ ಇಟ್ಟಿದ್ದಾರೆ. ಆಗ ಸಿಂಗಪುರದ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಇದನ್ನೂ ಕಡ್ಡಾಯ ಗಲ್ಲನ್ನೂ 1980ರಲ್ಲಿ ಎತ್ತಿಹಿಡಿಯಿತು. 15 ಗ್ರಾಂ ಮೇಲಿನವನು ಸಗಟು ವ್ಯಾಪಾರದ ಹತ್ತಿರದವನು, ಕೆಳಗಿನವನು ಚಟಕ್ಕಾಗಿ ಚಿಲ್ಲರೆ ಮಾರುವವನು, ಹಾಗಾಗಿ ಭೇದ ಮಾಡಿದ್ದು ಸರಿ ಅನ್ನುವುದು ಅಲ್ಲಿನ ತರ್ಕ. ಒಂದೇ ಒಂದು ಬಾತು ಹೊತ್ತವನೂ ಆ ಗೆರೆ ದಾಟಬಹುದು ಅನ್ನುವುದನ್ನು ಮೇಲಿನ ಗುಣಾಕಾರದಲ್ಲಿ ನೋಡಿದಿರಿ.

2013ರ ಜನವರಿಯಿಂದ ಒಂದು ಕಿಂಡಿ ಬಿಟ್ಟಿದ್ದಾರೆ. ಆರೋಪಿ ಬರೀ ಸಾಗಿಸುವವನಾಗಿದ್ದು, ಜಾಲ ಒಡೆಯಲು ತನಿಖಾ ದಳಕ್ಕೆ ನಿಜವಾದ ನೆರವು ಕೊಟ್ಟ ಅಂತ ಪಬ್ಲಿಕ್ ಪ್ರಾಸಿಕ್ಯೂಟರ್ ಪ್ರಮಾಣಪತ್ರ ಕೊಟ್ಟರೆ, ಗಲ್ಲಿನ ಬದಲು ಜೀವಾವಧಿ ಮತ್ತು ಕನಿಷ್ಠ 15 ಛಡಿಯೇಟು ಕೊಡಲು ಕೋರ್ಟಿಗೆ ಅವಕಾಶ. ಇಲ್ಲೇ ಎಡವಟ್ಟು ಇರುವುದು. ನೆರವು ಅಂದರೆ ಮಾಹಿತಿ. ಮಾಹಿತಿ ಇರುವುದು ಜಾಲದ ನಡುವಿನವನ ಹತ್ತಿರ, ಅವನೋ ಪೊಟ್ಟಣ ಬಿಚ್ಚಿ ಸಣ್ಣದಾಗಿ ಕಟ್ಟಿದವನು, ಹಾಗಾಗಿ 'ಬರೀ ಸಾಗಿಸುವವ' ಅನ್ನಿಸಿಕೊಳ್ಳುವುದಿಲ್ಲ. ಬರೀ ಸಾಗಿಸಿದವನಿಗೆ ಫೋನಿನಲ್ಲಿ ಮಾತಾಡಿದವನ ಅಡ್ಡಹೆಸರು ಬಿಟ್ಟು ಬೇರೇನೂ ತಿಳಿದಿರುವುದಿಲ್ಲ. ಅವನ ಹತ್ತಿರ ಮಾರಲು ಸರಕಿಲ್ಲ. ಪ್ರಮಾಣಪತ್ರ ಕೊಡದಿದ್ದರೆ ದುರುದ್ದೇಶ ತೋರಿಸದ ಹೊರತು ಕೋರ್ಟಿನಲ್ಲಿ ಕೇಳುವಂತೆಯೂ ಇಲ್ಲ.

ಬೇಡಿಕೆರೇಖೆ

ಸಿದ್ಧಾಂತದವರ ಮಾತಿಗೆ ಬರುತ್ತೇನೆ. ಚಿಕ್ಕ ಉತ್ತರ: ಹೆಸರಾಂತ ಮುಕ್ತ ಮಾರುಕಟ್ಟೆ ಅರ್ಥಶಾಸ್ತ್ರಜ್ಞರಲ್ಲಿ ಬಹುತೇಕರು ಈ ಕಾನೂನಿನ ಪರ ಇಲ್ಲ. ಎದುರಿಗೇ ಇದ್ದಾರೆ.

ಲುಡ್ವಿಗ್ ಫಾನ್ ಮೀಸೆಸ್ 1949ರಲ್ಲೇ ಬರೆದದ್ದು ಇದೆ. ಅಫೀಮು ಕೆಟ್ಟದ್ದು, ಚಟ ಹಿಡಿಸುತ್ತದೆ, ಅನುಮಾನವಿಲ್ಲ. ಆದರೆ ಮನುಷ್ಯನನ್ನು ಅವನ ದಡ್ಡತನದಿಂದ ಕಾಪಾಡುವುದು ಸರ್ಕಾರದ ಕೆಲಸ ಅಂತ ಒಮ್ಮೆ ಒಪ್ಪಿದರೆ ಆಮೇಲೆ ನಿಲ್ಲುವ ಜಾಗವೇ ಇಲ್ಲ, ನಾಳೆ ಕೆಟ್ಟ ಪುಸ್ತಕ ಓದಬೇಡ ಅಂತಲೂ ಹೇಳಬಹುದು ಅನ್ನುವ ಧಾಟಿ. ಮಿಲ್ಟನ್ ಫ್ರೀಡ್‌ಮನ್ 1972ರಲ್ಲಿ ನ್ಯೂಸ್‌ವೀಕ್ ಅಂಕಣದಲ್ಲಿ ನಿಷೇಧವನ್ನು ನೀತಿಯ ನೆಲೆಯಲ್ಲೂ ಪ್ರಯೋಜನದ ನೆಲೆಯಲ್ಲೂ ತಳ್ಳಿಹಾಕಿದರು. ಮಕ್ಕಳ ವಿಷಯ ಮಾತ್ರ ಬೇರೆ ಅಂದರು. 1989ರಲ್ಲಿ ಅಮೆರಿಕದ ಮಾದಕವಸ್ತು ನಿಯಂತ್ರಣದ ಮುಖ್ಯಸ್ಥ ವಿಲಿಯಂ ಬೆನೆಟ್‌ಗೆ ವಾಲ್ ಸ್ಟ್ರೀಟ್ ಜರ್ನಲ್‌ನಲ್ಲಿ ಬಹಿರಂಗ ಪತ್ರ ಬರೆದು ಜಗಳಕ್ಕೇ ನಿಂತರು. ಬೆನೆಟ್ ಅದೇ ವರ್ಷ ಟಿವಿಯಲ್ಲಿ, ಮಾದಕ ವ್ಯಾಪಾರಿಗಳ ತಲೆ ಕಡಿಯುವುದರಲ್ಲಿ ನೈತಿಕವಾಗಿ ತನಗೆ ತಕರಾರಿಲ್ಲ ಅಂದಿದ್ದ ಮನುಷ್ಯ. ಇಬ್ಬರೂ ಒಂದೇ ರಾಜಕೀಯ ಪಾಳಯದವರು. ಅಂದರೆ ನಿಮ್ಮ ಪ್ರಶ್ನೆಯ ಬಿರುಕು ಆ ಪಾಳಯದ ಒಳಗೇ ಇದೆ.

ಹಾಗಾದರೆ ಉಗ್ರ ಶಿಕ್ಷೆಯ ಪರ ಆರ್ಥಿಕ ವಾದ ಎಲ್ಲಿಂದ ಬಂತು? ಷಿಕಾಗೊ ಪಂಥದ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1968ರಲ್ಲಿ ಕಟ್ಟಿದ ಲೆಕ್ಕದಿಂದ. ಅಪರಾಧಿಯೂ ಲಾಭ ನಷ್ಟ ತೂಗುತ್ತಾನೆ. ಅವನ ಕಣ್ಣಿಗೆ ಬೀಳುವ ನಷ್ಟ ಅಂದರೆ ಸಿಕ್ಕಿಬೀಳುವ ಸಂಭವವನ್ನು ಶಿಕ್ಷೆಯ ಗಾತ್ರದಿಂದ ಗುಣಿಸಿದಷ್ಟು. ಸಿಕ್ಕಿಹಾಕಿಸಲು ಪೊಲೀಸು, ಕ್ಯಾಮೆರಾ, ನ್ಯಾಯಾಲಯ ಎಲ್ಲಕ್ಕೂ ದುಡ್ಡು ಬೇಕು. ಶಿಕ್ಷೆಯ ಗಾತ್ರ ಹೆಚ್ಚಿಸಲು ಕಾಗದದ ಮೇಲೆ ಒಂದು ತಿದ್ದುಪಡಿ ಸಾಕು. ಹಾಗಾಗಿ ಕಡಿಮೆ ಹಿಡಿದು ಜೋರಾಗಿ ಹೊಡೆಯುವುದು ಅಗ್ಗ ಅಂತ ಓದಿಕೊಳ್ಳಬಹುದು. ಆದರೆ ಬೆಕರ್ ಅಲ್ಲೇ ಇನ್ನೊಂದು ಮಾತು ಹೇಳಿದ್ದಾರೆ, ಅದನ್ನು ಉದ್ಧರಿಸುವವರು ಕಡಿಮೆ: ಅಪಾಯಕ್ಕೆ ಮೈಯೊಡ್ಡುವ ಸ್ವಭಾವದವರ ಮೇಲೆ ಶಿಕ್ಷೆಯ ಗಾತ್ರಕ್ಕಿಂತ ಸಿಕ್ಕಿಬೀಳುವ ಸಂಭವವೇ ಹೆಚ್ಚು ಕೆಲಸ ಮಾಡುತ್ತದೆ. ಬೆಕರ್ ಅವರಿಗೆ ಇಷ್ಟವಾದ ಶಿಕ್ಷೆಯೋ ದಂಡ, ಗಲ್ಲಲ್ಲ.

2006ರಲ್ಲಿ ಬೆಕರ್, ಮರ್ಫಿ, ಗ್ರಾಸ್‌ಮನ್ ಸೇರಿ ಮಾದಕವಸ್ತು ಮಾರುಕಟ್ಟೆಗೇ ಲೆಕ್ಕ ಹಾಕಿದರು. ತಿರುಳು ಇಷ್ಟು. ಚಟದ ಸರಕಿನ ಬೇಡಿಕೆ ಬೆಲೆಗೆ ಸುಲಭವಾಗಿ ಬಗ್ಗುವುದಿಲ್ಲ. ಉದಾಹರಣೆಗೆ ಬೆಲೆ ಶೇ 10 ಏರಿದರೆ ಕೊಳ್ಳುವುದು ಶೇ 5 ಇಳಿಯಿತು ಅಂತಿಟ್ಟುಕೊಳ್ಳಿ. 1.10 ಗುಣಿಸು 0.95, ಬಂದದ್ದು 1.045. ಸರಕು ಕಡಿಮೆಯಾಯಿತು, ಆದರೆ ಆ ದಂಧೆಗೆ ಹರಿಯುವ ಒಟ್ಟು ಹಣ ಶೇ 4.5 ಹೆಚ್ಚಿತು. ಬೆಲೆ ಏರಿದ್ದು ಯಾಕೆ? ಅಪಾಯ ಏರಿದ್ದಕ್ಕೆ. ಅಂದರೆ ಕಾನೂನು ಬಿಗಿಯಾದಷ್ಟೂ ಹಿಡಿತಕ್ಕೆ ಸಿಗದೆ ಉಳಿದವನ ಗಲ್ಲಾಪೆಟ್ಟಿಗೆ ತುಂಬುತ್ತದೆ. ಅದೇ ಶೇ 10ನ್ನು ತೆರಿಗೆಯಾಗಿ ಹಾಕಿದ್ದರೆ ಹಣ ಖಜಾನೆಗೆ ಬರುತ್ತಿತ್ತು ಅನ್ನುವುದು ಅವರ ವಾದ.

ಇದರಲ್ಲೂ ಒಂದು ತೊಡಕಿದೆ. ಶಿಕ್ಷೆ ಏರಿದರೆ ಬೆಲೆ ಏರುತ್ತದೆ ಅನ್ನುವುದೇ ಖಾತ್ರಿಯಿಲ್ಲ. ಅಮೆರಿಕದಲ್ಲಿ 1980ರ ದಶಕದ ಉದ್ದಕ್ಕೂ ಜೈಲು ತುಂಬುತ್ತಾ ಹೋಯಿತು, ಕೊಕೇನ್ ಬೆಲೆ ಇಳಿಯುತ್ತಾ ಹೋಯಿತು. ಅಪಾಯ ಹೊರುವವನ ಕೂಲಿ ಏರಬೇಕಾದರೆ ಆ ಕೆಲಸಕ್ಕೆ ಜನ ಸಿಗದಂತಾಗಬೇಕು. ಸಾಲದಲ್ಲಿ ಮುಳುಗಿದವರು ಸಾಲುಗಟ್ಟಿ ನಿಂತಿರುವಾಗ ಜೀವದ ಬೆಲೆ ಕೂಲಿಯಲ್ಲಿ ಸೇರುವುದೇ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ.

ಬಂದರುಹಾದಿ

ಮೇಲಿನ ಇಬ್ಬರೂ ಸರಿಯಾಗಿ ಬರೆದಿದ್ದಾರೆ, ಆದರೆ ಪ್ರಶ್ನೆಯ ಬುಡವೇ ಕೊಂಚ ಅಲ್ಲಾಡುತ್ತಿದೆ. ಸಿಂಗಪುರ ಮುಕ್ತ ಮಾರುಕಟ್ಟೆ *ಸಿದ್ಧಾಂತದ* ದೇಶ ಅಂತ ಯಾರು ಹೇಳಿದ್ದು? ನೆಲದ ಬಹುಪಾಲು ಸರ್ಕಾರದ್ದು. ಹತ್ತರಲ್ಲಿ ಸುಮಾರು ಎಂಟು ನಿವಾಸಿಗಳು ಸರ್ಕಾರಿ ಮಂಡಳಿ ಕಟ್ಟಿದ ಫ್ಲಾಟುಗಳಲ್ಲಿ, ಬಹುತೇಕ 99 ವರ್ಷದ ಗುತ್ತಿಗೆಯ ಮೇಲೆ ಇದ್ದಾರೆ. 55 ವರ್ಷದವರೆಗಿನ ನೌಕರನ ಸಂಬಳದ ಮೇಲೆ ಅವನ ಕಡೆಯಿಂದ ಶೇ 20, ಮಾಲೀಕನ ಕಡೆಯಿಂದ ಶೇ 17, ಒಟ್ಟು ಶೇ 37 ಕಡ್ಡಾಯ ಉಳಿತಾಯಕ್ಕೆ ಹೋಗುತ್ತದೆ. ದೊಡ್ಡ ಕಂಪನಿಗಳ ಷೇರು ಹಿಡಿದಿರುವ ಟೆಮಾಸೆಕ್ 1974ರಿಂದ ಸರ್ಕಾರದ ಒಡೆತನದಲ್ಲಿದೆ. ಚೂಯಿಂಗ್ ಗಮ್ ಮಾರಾಟವನ್ನೂ 1992ರಲ್ಲಿ ನಿಲ್ಲಿಸಿದ ಸರ್ಕಾರ ಇದು. ಅಲ್ಲಿ ಮಾರುಕಟ್ಟೆ ಪ್ರಜೆಯ ಹಕ್ಕಲ್ಲ, ಸರ್ಕಾರದ ಕೈಯಲ್ಲಿರುವ ಸಲಕರಣೆ. ಕೆಲಸಕ್ಕೆ ಬಂದ ಕಡೆ ಬಳಸುತ್ತಾರೆ, ಬೇಡವಾದ ಕಡೆ ಬೀಗ ಹಾಕುತ್ತಾರೆ. ಫ್ರೀಡ್‌ಮನ್‌ಗೆ 'ಒಪ್ಪಿದ ಇಬ್ಬರ ವ್ಯವಹಾರ' ಅನ್ನುವುದು ತತ್ವ. ಅಲ್ಲಿನ ಆಡಳಿತಕ್ಕೆ ಬಂದರು ನಡೆಯಬೇಕು, ಬಂಡವಾಳ ಬರಬೇಕು, ದುಡಿಯುವ ಕೈ ನಡುಗಬಾರದು ಅನ್ನುವುದು ತತ್ವ. ಎರಡನೆಯದರಲ್ಲಿ ಶೂನ್ಯ ಸುಂಕಕ್ಕೂ ಗಲ್ಲಿಗೂ ಒಂದೇ ಮನೆಯಲ್ಲಿ ಜಾಗ ಸಲೀಸಾಗಿ ಸಿಗುತ್ತದೆ.

ನೆನಪಿಡಬೇಕಾದ ಇನ್ನೊಂದು ವಿಷಯ, ಆ ದ್ವೀಪ ಒಂದು ಕಾಲಕ್ಕೆ ಅಫೀಮಿನ ದುಡ್ಡಿನಿಂದಲೇ ನಡೆದದ್ದು. 1819ರಲ್ಲಿ ಬ್ರಿಟಿಷ್ ಅಧಿಕಾರಿ ರ‍್ಯಾಫಲ್ಸ್ ಮುಕ್ತ ಬಂದರು ಮಾಡಿದ. ಬಂದರಿನಲ್ಲಿ ಸುಂಕ ಇಲ್ಲ ಅಂದಮೇಲೆ ಆಡಳಿತದ ಖರ್ಚಿಗೆ ಹಣ ಎಲ್ಲಿಂದ? ಅಫೀಮು ಕಾಯಿಸಿ ಮಾರುವ ಏಕಸ್ವಾಮ್ಯವನ್ನು ಹರಾಜಿಗೆ ಹಾಕಿದರು. ಹತ್ತೊಂಬತ್ತನೇ ಶತಮಾನದಲ್ಲಿ ವಸಾಹತು ಸರ್ಕಾರದ ಆದಾಯದ ದೊಡ್ಡ ಕಂಬ ಅದೇ. 1910ರಲ್ಲಿ ಗುತ್ತಿಗೆದಾರರನ್ನು ಬದಿಗಿಟ್ಟು ಸರ್ಕಾರವೇ ಮಾರತೊಡಗಿತು. ಸಂಪೂರ್ಣ ನಿಷೇಧ ಬಂದದ್ದು ಯುದ್ಧ ಮುಗಿದ ಮೇಲೆ, 1946ರಲ್ಲಿ. ಮುಕ್ತ ವ್ಯಾಪಾರದ ಹೆಸರಿನಲ್ಲಿ ಬ್ರಿಟಿಷರು ಚೀನಾದ ಬಾಗಿಲಿಗೆ ಯುದ್ಧನೌಕೆಗಳಲ್ಲಿ ಹೋದದ್ದೂ ಇದೇ ಸರಕಿಗಾಗಿ. ಹಾಗಾಗಿ 'ಮುಕ್ತ ವ್ಯಾಪಾರ ಮತ್ತು ಮಾದಕವಸ್ತು' ಅನ್ನುವ ಜೋಡಿ ಚೀನೀ ಮೂಲದವರೇ ಹೆಚ್ಚಿರುವ ಆ ದ್ವೀಪದಲ್ಲಿ ಕೇಳಿಸುವುದೇ ಬೇರೆ ರೀತಿ. ಪಶ್ಚಿಮದ ಓದುಗರು ಇದನ್ನು ಮರೆಯುತ್ತಾರೆ.

ಸಿದ್ಧಾಂತಕ್ಕೂ ಶಿಕ್ಷೆಗೂ ನಂಟಿದೆಯೇ ಅಂತ ನೋಡಲು ಪ್ರಶ್ನೆಯಲ್ಲಿ ಬಂದ ಆರ್ಥಿಕ ಸ್ವಾತಂತ್ರ್ಯ ಪಟ್ಟಿಯ ಮೇಲ್ತುದಿಯನ್ನು ನೋಡಿದರೆ ಸಾಕು. 2019ರವರೆಗೆ ಕಾಲು ಶತಮಾನ ಮೊದಲ ಸ್ಥಾನದಲ್ಲಿದ್ದ ಹಾಂಗ್‌ಕಾಂಗ್‌ನಲ್ಲಿ ಕೊನೆಯ ಗಲ್ಲು 1966ರಲ್ಲಿ, ಕಾನೂನಿನಿಂದ ಕಿತ್ತದ್ದು 1993ರಲ್ಲಿ. ಅಲ್ಲಿ ಕಳ್ಳಸಾಗಣೆಗೆ ಗರಿಷ್ಠ ಜೀವಾವಧಿ ಮತ್ತು 50 ಲಕ್ಷ ಹಾಂಗ್‌ಕಾಂಗ್ ಡಾಲರ್ ದಂಡ. ಸದಾ ಪಟ್ಟಿಯ ಮೇಲ್ಭಾಗದಲ್ಲೇ ಇರುವ ಸ್ವಿಟ್ಜರ್ಲೆಂಡ್‌ನಲ್ಲಿ ಹಳೆಯ ಹೆರಾಯಿನ್ ವ್ಯಸನಿಗಳಿಗೆ 1994ರಿಂದ ಕ್ಲಿನಿಕ್ಕಿನಲ್ಲಿ ವೈದ್ಯರ ಕಣ್ಣೆದುರು ಡೈಮಾರ್ಫಿನ್ನನ್ನೇ ಕೊಡುತ್ತಾರೆ. 2008ರ ಜನಮತದಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಮತದಾರರು ಅದನ್ನು ಒಪ್ಪಿದರು. ಒಂದೇ ಸಾಲಿನಲ್ಲಿ ಕೂತ ಮೂರು ಆರ್ಥಿಕತೆಗಳು, ಒಂದೇ ಸರಕಿಗೆ ಒಂದು ಕಡೆ ನೇಣು, ಒಂದು ಕಡೆ ಜೈಲು, ಒಂದು ಕಡೆ ಸಿರಿಂಜು.

ಗಡಿಠಾಣೆ

ನಾನು ಆ ಕಾನೂನಿನ ಪರ ಒಂದೆರಡು ಮಾತು ಹೇಳಬೇಕು, ಇಲ್ಲದಿದ್ದರೆ ಚರ್ಚೆ ಒಂದೇ ಕಡೆ ವಾಲುತ್ತದೆ.

ಬೆಕರ್ ಲೆಕ್ಕವನ್ನೇ ಹಿಡಿಯಿರಿ. ಸಂಭವ ಗುಣಿಸು ಗಾತ್ರ. ಸಿಂಗಪುರ ಗಾತ್ರವನ್ನು ಮಾತ್ರ ಏರಿಸಿ ಸುಮ್ಮನೆ ಕೂತಿಲ್ಲ. 1971ರಲ್ಲೇ ಪ್ರತ್ಯೇಕ ಮಾದಕವಸ್ತು ದಳ ಕಟ್ಟಿದರು. ಮಲೇಷ್ಯಾದಿಂದ ನೆಲದ ದಾರಿ ಇರುವುದು ಎರಡೇ, ಎರಡೂ ಸಮುದ್ರದ ಮೇಲೆ, ಎರಡರ ತುದಿಯಲ್ಲೂ ತಪಾಸಣೆ. ಲಂಚ ಕೊಟ್ಟು ನುಸುಳುವುದು ಕಷ್ಟ. ಸೇವಿಸಿದವನಿಗೆ ಮೂತ್ರ ಪರೀಕ್ಷೆ, ಪುನರ್ವಸತಿ ಕೇಂದ್ರ, ಬಿಡುಗಡೆಯಾದ ಮೇಲೂ ನಿಗಾ. ಸಿಂಗಪುರದ ಪ್ರಜೆ ಹೊರದೇಶದಲ್ಲಿ ಸೇದಿ ಬಂದರೂ ಅದು ಅಪರಾಧವೇ. 1992ರಿಂದ ದಂಧೆಯ ಆಸ್ತಿ ಮುಟ್ಟುಗೋಲಿಗೆ ಬೇರೆ ಕಾನೂನಿದೆ. ಸಾಕ್ಷಿ ಹೇಳಲು ಜನ ಹೆದರಿದಾಗ ದಂಧೆಯ ಮೇಲಿನವರನ್ನು 1955ರ ಹಳೆಯ ಕಾನೂನಿನಡಿ ವಿಚಾರಣೆಯಿಲ್ಲದೆ ಬಂಧನದಲ್ಲಿ ಇಡುತ್ತಾರೆ (ಇದನ್ನು ಹೊಗಳಿಕೆ ಅಂದುಕೊಳ್ಳಬೇಡಿ, ವ್ಯವಸ್ಥೆ ಹೇಗಿದೆ ಅಂತ ಹೇಳಿದೆ). ವರ್ಷಕ್ಕೆ ಸಿಕ್ಕಿಬೀಳುವ ವ್ಯಸನಿಗಳು ಸುಮಾರು 3,000. ಸುಮಾರು 60 ಲಕ್ಷ ಜನರಿರುವ, ಅಫೀಮು ಬೆಳೆಯುವ ಮ್ಯಾನ್ಮಾರ್ ಗಡಿ ಪ್ರದೇಶದಿಂದ ಅಷ್ಟೇನೂ ದೂರವಿಲ್ಲದ ಬಂದರು ನಗರಕ್ಕೆ ಇದು ಸಣ್ಣ ಸಂಖ್ಯೆ.

ಸರ್ಕಾರ ಕೊಡುವ ಪುರಾವೆಯೂ ಒಂದಿದೆ. 1990ರಲ್ಲಿ 1,200 ಗ್ರಾಂ ಮೇಲಿನ ಅಫೀಮಿಗೆ ಗಲ್ಲು ತಂದ ನಂತರದ ನಾಲ್ಕು ವರ್ಷದಲ್ಲಿ, ಪ್ರತಿ ಪ್ರಕರಣದಲ್ಲಿ ಸಾಗಿಸುತ್ತಿದ್ದ ಸರಾಸರಿ ತೂಕ ಶೇ 66 ಇಳಿಯಿತು ಅಂತ ಗೃಹ ಸಚಿವಾಲಯ ಹೇಳುತ್ತದೆ. ದಂಧೆಯವರು ಕಾನೂನು ಓದುತ್ತಾರೆ, ಲೆಕ್ಕ ಹಾಕುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಬೇಡಿಕೆರೇಖೆ

ಗಡಿಠಾಣೆ ಅವರೇ, ತಪಾಸಣೆ, ನಿಗಾ, ಲಂಚ ಇಲ್ಲದಿರುವುದು, ಇವೆಲ್ಲ ಸಂಭವದ ಬಾಬ್ತು. ಅವು ಕೆಲಸ ಮಾಡುತ್ತವೆ ಅನ್ನುವುದರಲ್ಲಿ ನನಗೂ ಅನುಮಾನವಿಲ್ಲ. ಗಲ್ಲು ಗಾತ್ರದ ಬಾಬ್ತು. ಎರಡೂ ಒಟ್ಟಿಗೇ ಇರುವ ದೇಶದಲ್ಲಿ ಫಲಿತಾಂಶದ ಕೀರ್ತಿಯನ್ನು ಪೂರ್ತಿ ಗಲ್ಲಿಗೆ ಬರೆಯುವುದು ಹೇಗೆ?

ಶೇ 66ರ ಮಾತು. ಆ ಅಂಕಿಯನ್ನು ನಿಧಾನವಾಗಿ ಓದಿ. ಇಳಿದದ್ದು ಪ್ರತಿ ಪ್ರಕರಣದ *ಸರಾಸರಿ* ತೂಕ. ದೇಶದ ಒಳಗೆ ಬಂದ ಒಟ್ಟು ತೂಕವಲ್ಲ. ಮೂರು ಕಿಲೋ ಒಬ್ಬ ಹೊರುವ ಬದಲು ಒಂದೊಂದು ಕಿಲೋ ಮೂವರು ಹೊತ್ತರೂ ಸರಾಸರಿ ಶೇ 66ರಷ್ಟೇ ಇಳಿಯುತ್ತದೆ, ಒಟ್ಟು ಮಾಲು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅನ್ನುವುದಕ್ಕೆ ಅಂಕಿಅಂಶದ ರೂಪ ಇದು. ನಿಜಕ್ಕೂ ಹಾಗೇ ಆಯಿತು ಅಂತ ನಾನು ಹೇಳುತ್ತಿಲ್ಲ. ಆ ಒಂದು ಅಂಕಿಯಿಂದ ಎರಡು ಕಥೆಯನ್ನೂ ಬಿಡಿಸಿ ಹೇಳಲಾಗದು ಅಂತಷ್ಟೇ. ಲೆಕ್ಕ ಹಾಕುತ್ತಾರೆ ಅನ್ನುವ ನಿಮ್ಮ ಮಾತನ್ನು ಮಾತ್ರ ಒಪ್ಪಿದೆ. ಯಾವ ಲೆಕ್ಕ ಅನ್ನುವುದೇ ಪ್ರಶ್ನೆ.

ಇನ್ನೊಬ್ಬ ಷಿಕಾಗೊ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1970ರಲ್ಲೇ ಇದಕ್ಕೆ ಎಚ್ಚರಿಕೆ ಕೊಟ್ಟಿದ್ದರು. ಐದು ಡಾಲರ್ ಕದ್ದರೂ ಕೈ ಕಡಿಯುತ್ತಾರೆ ಅಂದರೆ ಕಳ್ಳ ಐದು ಸಾವಿರವನ್ನೇ ಕದಿಯುತ್ತಾನೆ. ಅಪರಾಧದ ಒಂದೊಂದು ಮೆಟ್ಟಿಲಿಗೂ ಶಿಕ್ಷೆ ಒಂದೊಂದು ಮೆಟ್ಟಿಲು ಏರಬೇಕು, ಇಲ್ಲದಿದ್ದರೆ ಮೇಲಿನ ಮೆಟ್ಟಿಲು ಪುಕ್ಕಟೆ. 15 ಗ್ರಾಂ ಗೆರೆ ಮೆಟ್ಟಿಲಲ್ಲ, ಪ್ರಪಾತ. 15.3 ಗ್ರಾಂಗೂ ಗಲ್ಲು, 1,530 ಗ್ರಾಂಗೂ ಗಲ್ಲು. ಗೆರೆ ದಾಟಿದ ಮೇಲೆ ಇನ್ನೊಂದು ಬಾತು ಸೇರಿಸಿದರೆ ಶಿಕ್ಷೆಯ ಲೆಕ್ಕದಲ್ಲಿ ಸೊನ್ನೆ ಖರ್ಚು. ಹಾಂಗ್‌ಕಾಂಗ್ ಕೋರ್ಟುಗಳ ಮಾರ್ಗಸೂಚಿ ಪಕ್ಕಕ್ಕಿಟ್ಟು ನೋಡಿ: ಹೆರಾಯಿನ್ 10 ಗ್ರಾಂವರೆಗೆ 2ರಿಂದ 5 ವರ್ಷ, 10ರಿಂದ 50ಕ್ಕೆ 5ರಿಂದ 8, 50ರಿಂದ 100ಕ್ಕೆ 8ರಿಂದ 11, ಹೀಗೇ ಏರುತ್ತದೆ. ಕಠಿಣವೇ, ಆದರೆ ಏಣಿ. ಸ್ಟಿಗ್ಲರ್ ಓದಿದವನಿಗೆ ಎರಡರಲ್ಲಿ ಯಾವುದು 'ಮಾರುಕಟ್ಟೆ ತರ್ಕ' ಅಂತ ಹೇಳಬೇಕಾಗಿಲ್ಲ.

ಮರುಪ್ರಶ್ನೆ

ಎಲ್ಲರಿಗೂ ಥ್ಯಾಂಕ್ಸ್. ಬಂದರುಹಾದಿ ಅವರ ಮಾತಿನಿಂದ ನನ್ನ ಅರ್ಧ ಗೊಂದಲ ಕಳೆಯಿತು. ಇನ್ನೆರಡು ಸಣ್ಣ ಪ್ರಶ್ನೆ. ಈ ಗೆರೆಯನ್ನು ಸಡಿಲಿಸಿದ ದೇಶ ಯಾವುದಾದರೂ ಇದೆಯೇ? ಮತ್ತೆ, ಶುದ್ಧ ತೂಕ ನೋಡದೆ ಇಡೀ ಪುಡಿಯನ್ನೇ ತೂಗುವ ಕಾನೂನು ಎಲ್ಲಾದರೂ ಇದೆಯೇ? ಇದ್ದರೆ ಅಲ್ಲಿ ಏನಾಗುತ್ತದೆ?

ಕಾನೂನುಕಟ್ಟೆ

ಮೊದಲನೆಯದು: ಪಕ್ಕದ ಮಲೇಷ್ಯಾ. ಅಲ್ಲೂ ಹೆರಾಯಿನ್ ಗೆರೆ 15 ಗ್ರಾಂ, ಗಾಂಜಾಕ್ಕೆ ಇನ್ನೂ ಬಿಗಿ, 200 ಗ್ರಾಂ. 2018ರಲ್ಲಿ ನ್ಯಾಯಾಧೀಶರಿಗೆ ಸ್ವಲ್ಪ ವಿವೇಚನೆ ಕೊಟ್ಟರು, 2023ರ ಜುಲೈಯಿಂದ ಕಡ್ಡಾಯ ಗಲ್ಲನ್ನೇ ತೆಗೆದರು. ಗಲ್ಲು ಕಾನೂನಿನಲ್ಲಿ ಉಳಿದಿದೆ, 'ಕಡ್ಡಾಯ' ಅನ್ನುವ ಮಾತು ಹೋಗಿದೆ. ಇರಾನ್ 2017ರಲ್ಲಿ ಗೆರೆಯನ್ನೇ ಎತ್ತರಕ್ಕೆ ಸರಿಸಿತು: ಹೆರಾಯಿನ್ 30 ಗ್ರಾಂ ಇದ್ದದ್ದು 2 ಕಿಲೋ, ಅಫೀಮು 5 ಕಿಲೋ ಇದ್ದದ್ದು 50 ಕಿಲೋ. ಮುಂದಿನ ವರ್ಷ ಮಾದಕ ಪ್ರಕರಣದ ಗಲ್ಲುಗಳು ದಿಢೀರ್ ಇಳಿದವು, 2021ರಿಂದ ಮತ್ತೆ ಏರಿದವು. ಗೆರೆ ಅದೇ ಇದ್ದರೂ ಸರ್ಕಾರದ ಮನಸ್ಸು ಬದಲಾದರೆ ಸಂಖ್ಯೆ ಬದಲಾಗುತ್ತದೆ ಅನ್ನುವುದಕ್ಕೆ ಇದನ್ನು ಇಟ್ಟುಕೊಳ್ಳಿ.

ಎರಡನೆಯದಕ್ಕೆ ಅಮೆರಿಕದ ಒಕ್ಕೂಟ ಕಾನೂನು. ರೇಗನ್ ಕಾಲದ 1986ರ ಕಾಯ್ದೆ. ಅಲ್ಲಿ 'ಮಿಶ್ರಣ ಅಥವಾ ಪದಾರ್ಥ'ದ ಒಟ್ಟು ತೂಕವೇ ಲೆಕ್ಕ. 100 ಗ್ರಾಂ ಹೆರಾಯಿನ್ ಮಿಶ್ರಣಕ್ಕೆ ಕನಿಷ್ಠ 5 ವರ್ಷ, 1 ಕಿಲೋಗೆ ಕನಿಷ್ಠ 10. ಅದರಲ್ಲಿ ಹಾಲಿನ ಸಕ್ಕರೆ ಎಷ್ಟಿತ್ತು ಅಂತ ಕೇಳುವ ಹಾಗಿಲ್ಲ. ಅದೇ ಕಾಯ್ದೆಯಲ್ಲಿ 5 ಗ್ರಾಂ ಹರಳು ಕೊಕೇನ್, ಅಂದರೆ ಕ್ರ್ಯಾಕ್‌ಗೂ 500 ಗ್ರಾಂ ಪುಡಿ ಕೊಕೇನ್‌ಗೂ ಒಂದೇ ಶಿಕ್ಷೆ ಇಟ್ಟಿದ್ದರು, ಒಂದಕ್ಕೆ ನೂರರ ಅನುಪಾತ. 2010ರಲ್ಲಿ ಕ್ರ್ಯಾಕ್ ಗೆರೆಯನ್ನು 28 ಗ್ರಾಂಗೆ ಏರಿಸಿದ ಮೇಲೆ ಅನುಪಾತ ಒಂದಕ್ಕೆ ಹದಿನೆಂಟಾಯಿತು.

ನನ್ನ ಊಹೆ ಒಂದು ಹೇಳುತ್ತೇನೆ, ಊಹೆ ಅಂತಲೇ ತೆಗೆದುಕೊಳ್ಳಿ. ಶುದ್ಧ ತೂಕ ನೋಡುವ ಕಾನೂನಿನಲ್ಲಿ ಮಾಲನ್ನು ತೆಳುವಾಗಿಸಿದರೆ ಮಾರುವವನಿಗೆ ನಷ್ಟವಿಲ್ಲ. ಒಟ್ಟು ತೂಕ ನೋಡುವ ಕಾನೂನಿನಲ್ಲಿ ಗಟ್ಟಿ ಮಾಲು ಹೊತ್ತವನೇ ಜಾಣ. ಸಿಂಗಪುರದ ಶೇ 3ರ ಪುಡಿಗೆ ಇದೊಂದೇ ಕಾರಣ ಅಂತಲ್ಲ, ಆದರೆ ಇದೂ ಒಂದು ಇರಬಹುದು.

ಒಟ್ಟು ತೂಕದ ಲೆಕ್ಕ ಎಲ್ಲಿಗೆ ಹೋಗಿ ಮುಟ್ಟಿತು ಅಂತ ನೋಡಬೇಕಾದರೆ 1991ರ ಅಮೆರಿಕ ಸುಪ್ರೀಂ ಕೋರ್ಟ್ ತೀರ್ಪೊಂದಿದೆ. ಭ್ರಮೆ ಹುಟ್ಟಿಸುವ ಎಲ್‌ಎಸ್‌ಡಿಯನ್ನು ಹೀರುಕಾಗದದ ಹಾಳೆಗೆ ಅದ್ದಿ ಸಣ್ಣ ಸಣ್ಣ ಚೌಕ ಮಾಡಿ ಮಾರುತ್ತಾರೆ. ಆ ಪ್ರಕರಣದಲ್ಲಿ ಸಿಕ್ಕಿದ್ದು 1,000 ಚೌಕ. ಶುದ್ಧ ಎಲ್‌ಎಸ್‌ಡಿ ಸುಮಾರು 50 ಮಿಲಿಗ್ರಾಂ. ಕಾಗದ ಸೇರಿಸಿ ತೂಗಿದರೆ 5.7 ಗ್ರಾಂ. 5 ವರ್ಷದ ಕನಿಷ್ಠ ಶಿಕ್ಷೆಯ ಗೆರೆ 1 ಗ್ರಾಂ. ಕಾಗದವನ್ನೂ ತೂಗಬೇಕು ಅಂತ ಕೋರ್ಟ್ ಹೇಳಿತು.